ಬರ್ತೇನಿ ಅಂದ ಮೇಲೆ

ಎಳೆ ಮತ್ತೆ ಹರಿಯಿತು. ಇಳಿಜಾರು ಮಣೆಯ ಮೇಲೆ ಕೂತ ಅತ್ತೆ ವೀರವ್ವ ಅಂಗೈಯಿಂದ ಹೊಸೆದು ಹೊಸೆದು ಬಿಡುತ್ತಿದ್ದ ಶ್ಯಾವಿಗೆಯನ್ನು ಕೆಳಗೆ ನಿಂತು ಹಿಡಿದುಕೊಂಡು, ಹದವಾಗಿ ಉದ್ದಕ್ಕೆ ಎಳೆದು, ಎರಡು ಕುರ್ಚಿಗಳಿಗೆ ಅಡ್ಡಲಾಗಿ ಇಟ್ಟ ಕೋಲಿನ ಮೇಲೆ ಇಳಿಬಿಡುವುದು ಗುತ್ತೆವ್ವನ ಪಾಲಿನ ಕೆಲಸ. ಈ ಮನೆಗೆ ಬಂದಾಗಿನಿಂದ ಬೇಸಿಗೆ ಬೇಸಿಗೆಗೆ ಮಾಡಿಕೊಂಡು ಬಂದದ್ದು. ಕಣ್ಣು ಮುಚ್ಚಿದರೂ ಬೆರಳಿಗೆ ಗೊತ್ತು, ಎಳೆ ಎಷ್ಟು ಬಿಗಿಯಾದರೆ ತಾಳುತ್ತದೆ, ಎಷ್ಟು ಸಡಿಲಾದರೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ ಎಂದು. ಇವತ್ತು ಮಾತ್ರ ಬೆರಳುಗಳು ಅದನ್ನೆಲ್ಲ ಮರೆತಂತಿದ್ದವು. ಹರಿದ ತುಂಡನ್ನು ಎತ್ತಿ ಪರಾತದ ಅಂಚಿಗೆ ಹಾಕಿದಳು. ಅಲ್ಲಾಗಲೇ ಅಂಥ ತುಂಡುಗಳ ಒಂದು ಗುಡ್ಡೆ ಬಿದ್ದಿತ್ತು.

"ಹಿಟ್ಟು ಬರೋಬ್ಬರಿ ಐತಿ," ವೀರವ್ವ ತಲೆಯೆತ್ತದೆ ಅಂದಳು. "ನಾದಿದ ಕೈ ನಂದ. ಹರಿಯೂದು ಹಿಟ್ಟಲ್ಲವಾ, ನಿನ್ನ ಚಿತ್ತ. ಎಲ್ಲಿಟ್ಟು ಬಂದೀ ಅದನ್ನ?"

"ಇಲ್ಲೇ ಐತಿ ತಗೋರಿ."

"ಇಲ್ಲಿದ್ರ ಕಾಣ್ತಿತ್ತು. ಆ ಗುಡ್ಡದ ಮ್ಯಾಲ ಐತಿ ಅದು."

ಗುತ್ತೆವ್ವ ಕಪಾಟಿನ ಮೇಲೆ ಮಗುಚಿ ಇಟ್ಟ ಫೋನಿನ ಕಡೆಗೆ ನೋಡಬಾರದು ಎಂದುಕೊಂಡು ನೋಡಿದಳು. ನಿನ್ನೆ ಸಂಜೆ, ಹೋದ ಬೇಸಿಗೆ ಅವಳು ಕಲಿಸಲಿಕ್ಕೆ ಹೋಗಿದ್ದ ನೇಪಾಳದ ಶಾಲೆಯ ಹೆಡ್‌ಸರ್ ಫೋನಿನಲ್ಲಿ ದನಿ ಮುದ್ರಿಸಿ ಕಳಿಸಿದ್ದರು. ಅವರ ಹಿಂದಿಯೂ ಅವಳ ಹಿಂದಿಯ ಹಾಗೇ ಕುಂಟುವ ಹಿಂದಿ. ಎರಡು ಕುಂಟು ಕಾಲು ಕೂಡಿದ್ದಕ್ಕೆ ಹೋದ ವರ್ಷ ಇಬ್ಬರ ನಡುವೆ ಮಾತು ಸರಾಗವಾಗಿ ನಡೆದಿತ್ತು. ದೀದಿ, ಈ ಸಲ ಬರುತ್ತೀರೋ ಇಲ್ಲವೋ ಹೇಳಿಬಿಡಿ, ಬರುವುದಿಲ್ಲವಾದರೆ ಪೋಖರಾದಿಂದ ಒಬ್ಬರು ಬರುತ್ತೇನೆ ಅಂದಿದ್ದಾರೆ, ಬೇಜಾರೇನಿಲ್ಲ. ಅಷ್ಟು ಹೇಳಿ, ಫೋನು ಬಂದ್ ಮಾಡುವುದಕ್ಕೆ ಮುಂಚೆ ಏನೋ ನೆನಪಾದವರ ಹಾಗೆ, ನಿಮ್ಮ ಕ್ಲಾಸಿನ ಮನಮಾಯಾ ನಿಮ್ಮನ್ನು ಕೇಳುತ್ತಿರುತ್ತಾಳೆ ಅಂದಿದ್ದರು. ಆಮೇಲೆ ಗಾಳಿಯ ಸಪ್ಪಳ, ಎಲ್ಲೋ ದೂರದಲ್ಲಿ ಒಂದು ಕೋಳಿ. ಗುತ್ತೆವ್ವ ಆ ದನಿಯನ್ನು ಬಚ್ಚಲ ಮನೆಯಲ್ಲಿ ನಿಂತು ಮತ್ತೆ ಮತ್ತೆ ಕೇಳಿದ್ದಳು. ಬೇಜಾರೇನಿಲ್ಲ ಅನ್ನುವಾಗ ಅವರ ದನಿ ಹೇಗಿತ್ತು ಎಂದು ನೋಡಲಿಕ್ಕೆ. ಹೇಗೂ ಇರಲಿಲ್ಲ. ಬೇಜಾರಿಲ್ಲದವರ ದನಿಯೇ ಇತ್ತು. ಅದೇ ಅವಳಿಗೆ ಸಮಾಧಾನವಾಗದೆ ಹೋದದ್ದು.

ಅವಳು ಕಲಿಸುವ ಶಾಲೆಗೆ ಬೇಸಿಗೆಯ ಸೂಟಿ ಬಿದ್ದು ವಾರವೂ ಆಗಿರಲಿಲ್ಲ. ಸೂಟಿ ಅನ್ನುವುದು ಅವಳಿಗೆ ಯಾವತ್ತೂ ಅವಳದಾಗಿ ಸಿಕ್ಕಿದ್ದಲ್ಲ. ನಿನಗೇನು ಸೂಟಿ ಐತಲ್ಲ ಎಂದು ಶುರುವಾಗುವ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಅವಳಿಗೆ ಗೊತ್ತು. ಸೂಟಿ ಐತಲ್ಲ, ಶ್ಯಾವಿಗೆ ಹಾಕೋಣ. ಸೂಟಿ ಐತಲ್ಲ, ಹಾನಗಲ್ಲಿನ ನಾದಿನಿಗೆ ಮೊಣಕಾಲು ನೋವು, ಒಂದೆಂಟು ದಿನ ಇದ್ದು ಬಾ. ಸೂಟಿ ಐತಲ್ಲ, ಅಂಗಡಿಯ ಕುರುಕಲು ಖಾರಾಕ್ಕೆ ಹಾಕುವ ಮೆಣಸಿನಕಾಯಿ ತೊಟ್ಟು ಬಿಡಿಸು. ಹೋದ ವರ್ಷ ಮಗಳು ಪೂಜಾ ಹುಬ್ಬಳ್ಳಿಯಿಂದ ಬಂದವಳು, ತನ್ನ ನರ್ಸಿಂಗ್ ಕಾಲೇಜಿನ ಯಾರೋ ನೇಪಾಳಕ್ಕೆ ಹೋಗಿದ್ದರಂತೆ, ಗುಡ್ಡಗಾಡಿನ ಶಾಲೆಗಳಿಗೆ ರಜೆಯಲ್ಲಿ ಪುಕ್ಕಟೆ ಕಲಿಸಲಿಕ್ಕೆ ಬರುವವರು ಬೇಕಂತೆ ಎಂದು ತಮಾಷೆಗೆ ಅಂದಳು. ತಾನು ಹೋಗುತ್ತೇನೆ ಎಂದು ಹೇಳಿದ ದನಿ ತನ್ನದೇ ಎಂದು ಗುತ್ತೆವ್ವನಿಗೆ ಒಂದು ಗಳಿಗೆ ತಿಳಿಯಲಿಲ್ಲ. ಗಂಡ ಪ್ರಶಾಂತ ಖಾರಾದ ಅಂಗಡಿಯಲ್ಲಿ ಗಿರಾಕಿಗಳಿಗೆ, ನಮ್ಮ ಮನಿಯವರು ಪರದೇಶಕ್ಕ ಹೊಂಟಾರ್ರಿ ಎಂದು ಹೇಳಿಕೊಂಡು ಓಡಾಡಿದ. ನಾದಿನಿ ಹಾನಗಲ್ಲಿನಿಂದ ಫೋನು ಮಾಡಿ, "ಪಾಸ್‌ಪೋರ್ಟ್ ಇಲ್ಲದ ಪರದೇಶ ಎಂಥಾದ್ದ ವೈನಿ? ರೈಲಿಗೆ ಹೋಗೂದು, ಬಸ್ಸಿಗೆ ಇಳಿಯೂದು. ಹಂಗ ನೋಡಿದ್ರ ನಮಗ ಶಿಗ್ಗಾಂವೂ ಪರದೇಶನ," ಎಂದು ನಕ್ಕಿದ್ದಳು. ನಕ್ಕದ್ದಕ್ಕೆ ಸಿಟ್ಟು ಬಂದಿರಲಿಲ್ಲ. ಆದರೆ ಗಡಿಯಲ್ಲಿ ಪೊಲೀಸರು ಅವಳ ಚೀಲವನ್ನೂ ನೋಡದೆ ಕೈಬೀಸಿ ಕಳಿಸಿದಾಗ, ಯಾರಾದರೂ ಒಬ್ಬರು ನಿಲ್ಲಿಸಿ ಏನಾದರೂ ಕೇಳಬಾರದಿತ್ತೇ ಅನ್ನಿಸಿತ್ತು.

ಅಲ್ಲಿ ಅವಳು ಗುಟ್ಟಾ ಮಿಸ್. ಅಜ್ಜಿಯ ಹೆಸರಿಟ್ಟರು ಎಂದು ಚಿಕ್ಕೇರೂರಿನಲ್ಲಿ ಹುಡುಗಿಯಾಗಿದ್ದಾಗಲೂ, ಇಲ್ಲಿ ಸವಣೂರಿನ ಸ್ಟಾಫ್‌ರೂಮಿನಲ್ಲೂ ನಾಚಿಸಿದ ಹೆಸರು ಆ ಮಕ್ಕಳ ಬಾಯಲ್ಲಿ ಯಾವುದೋ ಹಣ್ಣಿನ ಹೆಸರಿನ ಹಾಗೆ ಕೇಳುತ್ತಿತ್ತು. ಹಣ್ಣೂ ಇದ್ದವು, ಕಾಫಲ್ ಎಂದು, ಕೆಂಪಗೆ, ಬೀಜವೇ ಹೆಚ್ಚು, ಎಲೆಯಲ್ಲಿ ಕಟ್ಟಿಕೊಂಡು ತಂದು ಮೇಜಿನ ಮೇಲೆ ಇಡುತ್ತಿದ್ದರು. ತಗಡಿನ ಚಾವಣಿಯ ಮೇಲೆ ಆಲಿಕಲ್ಲು ಬಿದ್ದರೆ ಪಾಠ ನಿಲ್ಲಿಸಬೇಕು. ನಿಂತ ಪಾಠದ ನಡುವೆ ಎಲ್ಲರೂ ಮೇಲೆ ನೋಡುತ್ತಾ ಕೂರಬೇಕು. ಹಾಗೆ ಏನೂ ಮಾಡದೆ, ಯಾರಿಗೂ ಏನೂ ಕೊಡದೆ, ತಲೆಯೆತ್ತಿ ಕೂತಿದ್ದು ಅವಳ ಬದುಕಿನಲ್ಲಿ ಅದೇ ಮೊದಲು. ಬಂದದ್ದು ಕಲಿಸಲಿಕ್ಕೋ, ಇದಕ್ಕೋ ಎಂದು ಆಗಲೇ ಒಳಗೊಂದು ಕಡೆ ಚುಚ್ಚಿತ್ತು.

"ಏ, ಹಿಡಿ ಹಿಡಿ," ವೀರವ್ವ ಕೂಗಿದಳು. ಎಳೆ ನೆಲ ಮುಟ್ಟಿತ್ತು.

ಹೊರಡುವ ದಿನ ಹಾಗಾಗಬಾರದಿತ್ತು. ಮರುದಿನ ಬರಬೇಕಾದ ಜೀಪು, ಮುಂದೆ ರಸ್ತೆ ಬಂದ್ ಆಗುತ್ತದೆ ಎಂದು ಒಂದು ದಿನ ಮುಂಚೆ ಬಂದು ಕೆಳಗೆ ಹಾರ್ನು ಹೊಡೆಯುತ್ತಿತ್ತು. ಹೆಡ್‌ಸರ್ ಊರಲ್ಲಿರಲಿಲ್ಲ. ಗುತ್ತೆವ್ವ ಹಲಗೆಯ ಮೇಲೆ ಒಂದು ಭಾಗಾಕಾರ ಅರ್ಧಕ್ಕೆ ತಂದಿದ್ದಳು. ಸೀಮೆಸುಣ್ಣ ಇಟ್ಟು, ಚೀಲ ತಂದು, ಬಾಗಿಲಲ್ಲಿ ನಿಂತು, ಮುಂದಿನ ಸಾಲಿನಲ್ಲಿದ್ದ ಮನಮಾಯಾಳ ತಲೆಯ ಮೇಲೆ ಕೈಯಿಟ್ಟು, "ಆತೀ ಹೂಂ" ಅಂದಳು. ಬರ್ತೇನಿ. ಅಷ್ಟೇ. ಎದೆಯಲ್ಲಿದ್ದದ್ದು ಕನ್ನಡ, ನಾಲಗೆ ಅದನ್ನು ಹಿಂದಿ ಮಾಡಿತು. ಮಕ್ಕಳು ಸರಿ ಮಿಸ್ ಎಂದು ತಲೆಯಾಡಿಸಿದರು. ಯಾರೂ ಅಳಲಿಲ್ಲ, ಯಾರೂ ಎದ್ದು ಬರಲಿಲ್ಲ. ಕೆಳಗಿಳಿಯುವ ಮೆಟ್ಟಿಲುಗಳ ಮೇಲೆ ಅವಳಿಗೆ ಅದೇ ಕೊರಗು, ಇಷ್ಟು ಮಾಡಿದರೂ ಒಬ್ಬರೂ ಹಿಂದೆ ಬರಲಿಲ್ಲವಲ್ಲ ಎಂದು. ಸವಣೂರಿಗೆ ಬಂದು ಮುಟ್ಟಿದ ಮೇಲೆ ಹೆಡ್‌ಸರ್ ಫೋನು ಮಾಡಿ ನಗುನಗುತ್ತಾ ಹೇಳಿದರು: ದೀದಿ, ಮಕ್ಕಳು ಸಂಜೆಯ ತನಕ ಕೂತಿದ್ದವು, ಮಿಸ್ ಬಂದುಬಿಡುತ್ತೇನೆ ಅಂದಿದ್ದಾರೆ ಅಂತ. ಮರುದಿನ ನಾನು ಬಂದು ಬೇರೆ ಪಾಠಕ್ಕೆ ಹಲಗೆ ಒರೆಸಲಿಕ್ಕೆ ಹೋದರೆ ಮನಮಾಯಾ ಅಡ್ಡ ನಿಂತಳು, ಲೆಕ್ಕ ಮುಗಿದಿಲ್ಲ ಅಂದಳು.

ಹೋಗುವಾಗ ಹೋಗುತ್ತೇನೆ ಅನ್ನಬೇಕು ಎಂದು ಅವಳಿಗೆ ಹೇಗೆ ಹೊಳೆಯಬೇಕು. ಚಿಕ್ಕೇರೂರಿನಲ್ಲಿ ಶಾಲೆಗೆ ಹೊರಟವಳು ಒಂದು ದಿನ ಹೊಸ್ತಿಲಲ್ಲಿ "ಅವ್ವಾ, ಹೋಗ್ತೇನಿ" ಅಂದಿದ್ದಳು. ರೊಟ್ಟಿ ಬಡಿಯುತ್ತಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದು ರಟ್ಟೆ ಹಿಡಿದು ಒಳಗೆ ಎಳೆದು ಕೂರಿಸಿ, ನೀರು ಕುಡಿಸಿ, "ಹೋಗ್ತೇನಿ ಅನ್ನೂದು ಸತ್ತವರು. ಬರ್ತೇನಿ ಅನ್ನು" ಎಂದು ಹೇಳಿಸಿ ಕಳಿಸಿದ್ದಳು. ದಿನವೆಲ್ಲ ರಟ್ಟೆಯ ಮೇಲೆ ಹಿಟ್ಟಿನ ಬೆರಳ ಗುರುತು ಒಣಗಿ ಬಿರುಕುಬಿಟ್ಟಿತ್ತು. ಅದೇ ಅವ್ವ ಕೊನೆಯ ದಿನಗಳಲ್ಲಿ ಹಾಸಿಗೆಯಲ್ಲಿ ಮಲಗಿ, ಬಂದವರಿಗೆಲ್ಲ "ಹೋಗ್ತೇನವಾ ಇನ್ನ" ಅನ್ನುತ್ತಿದ್ದಳು. ಹಂಗನಬ್ಯಾಡವಾ, ಬಿಡ್ತು ಅನ್ನು ಎಂದು ಎಲ್ಲರೂ ಬಾಯಿ ಮುಚ್ಚಿಸುವವರೇ. ಒಂದು ದಿನ ಅವ್ವ ರೇಗಿ, "ಒಂದ ಸಲರೆ ಖರೇ ಹೇಳಾಕ ಬಿಡ್ರೇ ನನ್ನ" ಅಂದಳು. ಬಾಯಿ ಮುಚ್ಚಿಸಿದವರಲ್ಲಿ ಗುತ್ತೆವ್ವನೂ ಇದ್ದಳು.

ಫೋನು ನಡುಗಿತು. ಅವಳು ಕೋಲನ್ನೇ ಬಿಟ್ಟು ಓಡಿದಳು. ನೇಪಾಳದ್ದಲ್ಲ, ಪ್ರಶಾಂತ.

"ಏನ್ ಮಾಡಾಕತ್ತೀ? ಒಂದ ಸಣ್ಣ ಕೆಲಸ ಇತ್ತು. ನಿನಗ ಸೂಟಿ ಐತಲ್ಲ. ಇಮಾಮಬಿ ಮನ್ಯಾಗ ಖಾರಾದ ಪಾಕೀಟ ತುಂಬಿಟ್ಟಾರಂತ. ಇಲ್ಲಿ ಗಿರಾಕಿ ಬಿಡವಲ್ರು. ಚೀಲ ಇಸಕೊಂಡು ಅಂಗಡಿಗೆ ಕೊಟ್ಟಬಿಡು."

"ಬ್ಯಾರೆ ಯಾರನ್ನರ ಕಳಸ್ರಿ."

"ಯಾಕ? ಇಮಾಮಬಿ ಏನ್ ಕಡಿತಾಳೇನು?" ಅಂದು ಪ್ರಶಾಂತ ನಕ್ಕ. ಆಮೇಲೆ ದನಿ ತಗ್ಗಿಸಿ, "ಅಲ್ಲಾ, ಅವರಿಗೆ ಏನ್ ಹೇಳಿದಿ? ಆ ನೇಪಾಳದವರಿಗೆ?"

"ಇನ್ನೂ ಹೇಳಿಲ್ಲ."

"ಹೇಳಿಬಿಡು. ಒಂದ ಸಲ ಹೋಗಿ ಬಂದ್ಯಲ್ಲ. ಶಾಲೂ ಹಾಕಿಸ್ಕೊಂಡಿ. ಸಾಕು."

ಬಿಸಿಲು ಓಣಿಯ ಎರಡೂ ಗೋಡೆಗಳ ನೆರಳನ್ನು ನುಂಗಿಬಿಟ್ಟಿತ್ತು. ಹಳೆಯ ಮಸೂತಿಯ ಹಿಂದಿನ ಇಮಾಮಬಿಯ ಓಣಿಗೆ ಅವಳು ವರ್ಷವಿಡೀ ಕಾಲಿಟ್ಟಿರಲಿಲ್ಲ. ಸಂತೆಗೆ ಹೋಗುವುದಕ್ಕೆ ಅದು ಹತ್ತಿರದ ದಾರಿ. ಅವಳು ವೀಳ್ಯದೆಲೆ ಬಳ್ಳಿಯ ತೋಟದ ಕಡೆಯಿಂದ ಬಳಸಿ ಹೋಗುತ್ತಿದ್ದಳು, ಅಲ್ಲಿ ತಂಪು ಎಂದು ತನಗೆ ತಾನೇ ಹೇಳಿಕೊಂಡು. ಶಾಲು ಹಾಕಿಸಿಕೊಂಡಿ ಅಂದನಲ್ಲ. ಆ ಶಾಲು. ಜೂನಿನಲ್ಲಿ ಶಾಲೆಯವರೇ ಸನ್ಮಾನ ಇಟ್ಟುಕೊಂಡಿದ್ದರು. ಆಡಳಿತ ಮಂಡಳಿಯ ಫಕ್ಕೀರಪ್ಪನವರು ಭಾಷಣದಲ್ಲಿ, ನಮ್ಮ ಅಕ್ಕೋರು ಹಿಮಾಲಯಕ್ಕ ಹೋಗಿ ಕನ್ನಡದ ಕೀರ್ತಿ ಪತಾಕಿ ಹಾರಿಸಿ ಬಂದಾರ ಅಂದರು. ಅವಳು ಕಲಿಸಿದ್ದು ಲೆಕ್ಕ, ಮತ್ತೊಂದಿಷ್ಟು ಇಂಗ್ಲಿಷ್. ಎದ್ದು ನಿಂತು ಅದನ್ನಾದರೂ ಹೇಳಬಹುದಿತ್ತು. ಅದರ ಬದಲು ಜನ ಆಕಳಿಸುತ್ತಿದ್ದಾರೆಂದು ಕಂಡು, ಸ್ಟಾಫ್‌ರೂಮಿನಲ್ಲಿ ಆಗಲೇ ಹೇಳಿ ಹೇಳಿ ನುಣುಪಾಗಿದ್ದ ಆ ಕಥೆಯನ್ನು ಹೇಳಿದಳು. ಬರ್ತೇನಿ ಅಂದದ್ದು, ಮಕ್ಕಳು ಬಾಗಿಲು ಕಾಯುತ್ತಾ ಕೂತದ್ದು. "ಆ ಭಾಗಾಕಾರ ಹಲಗಿ ಮ್ಯಾಲ ಹಂಗ ಐತಂತ್ರಿ, ಶೇಷ ಇನ್ನೂ ಉಳದೈತಿ," ಎಂದಾಗ ಸಭೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕಥೆ ಹೇಳಿದಷ್ಟು ಸಲವೂ ಮನಮಾಯಾ ಸ್ವಲ್ಪ ಸ್ವಲ್ಪವೇ ಪೆದ್ದಿಯಾಗಿದ್ದಳು. ಆವತ್ತು ಪೂರಾ ಪೆದ್ದಿಯಾದಳು. ಹಿಂದಿನ ಸಾಲಿನ ಹೆಂಗಸರ ನಡುವೆ ಇಮಾಮಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದದ್ದು ಕಂಡಿತು. ಪಕ್ಕದಲ್ಲಿ ಅವಳ ಮಗಳು ಸಾಯಿಮಾ. ಸಾಯಿಮಾ ನಗುತ್ತಿರಲಿಲ್ಲ ಎಂದು ಗುತ್ತೆವ್ವನಿಗೆ ನೆನಪು. ಅಥವಾ ಆಮೇಲೆ ಸೇರಿಸಿಕೊಂಡ ನೆನಪೋ.

ಸಾಯಿಮಾ ಏಳನೇ ಇಯತ್ತೆಯ ತನಕ ಅವಳ ಕೈಯಲ್ಲೇ ಇದ್ದ ಹುಡುಗಿ. ಅಕ್ಷರ ಬರುತ್ತಿತ್ತು, ಒತ್ತು ಮಾತ್ರ ಬರುತ್ತಿರಲಿಲ್ಲ. ಒತ್ತಕ್ಷರ ಎದುರಾದರೆ, ಹಾದಿಯಲ್ಲಿ ನಾಯಿ ಕಂಡವರ ಹಾಗೆ ಬಳಸಿಕೊಂಡು ಹೋಗುತ್ತಿದ್ದಳು. ಅಕ್ಕ ಅನ್ನುವುದು ಅಕ, ಹಬ್ಬ ಅನ್ನುವುದು ಹಬ. ಹೋದ ಏಪ್ರಿಲಿನಲ್ಲಿ ಗುತ್ತೆವ್ವ ಇಮಾಮಬಿಯ ಮನೆಯ ಬಾಗಿಲಲ್ಲಿ ನಿಂತು, ಹೈಸ್ಕೂಲಿಗೆ ಹೋದ ಮೇಲೆ ತೊಂದರೆಯಾಗುತ್ತದೆ, ಸೂಟಿಯಲ್ಲಿ ನಾನೇ ಓದಿಸುತ್ತೇನೆ ಅಂದಿದ್ದಳು. ಅಂದು, ಬರ್ತೇನಿ ಎಂದು ಮೆಟ್ಟಿಲಿಳಿದಿದ್ದಳು. ಮುಂದಿನ ವಾರ ಪೂಜಾ ಬಂದು ನೇಪಾಳದ ಮಾತು ತೆಗೆದಳು.

ಬಾಗಿಲು ತೆರೆದೇ ಇತ್ತು. ಪಡಸಾಲೆಯಲ್ಲಿ ಚಾಪೆಯ ಮೇಲೆ ಖಾರಾದ ರಾಶಿ, ಸುತ್ತ ಪ್ಲಾಸ್ಟಿಕ್ ಪಾಕೀಟುಗಳು, ನಡುವೆ ಒಂದು ಮೇಣದ ಬತ್ತಿ. ಸಾಯಿಮಾ ಪಾಕೀಟಿನ ಬಾಯನ್ನು ಉರಿಯ ಅಂಚಿಗೆ ಹಿಡಿದು, ಎರಡು ಬೆರಳಲ್ಲಿ ಒತ್ತಿ ಮುಚ್ಚುತ್ತಿದ್ದಳು. ಫ್ಯಾನು ಬಂದ್ ಮಾಡಿದ್ದರು, ಉರಿ ಅಲುಗಬಾರದೆಂದು. ಹುಡುಗಿ ಎತ್ತರ ಆಗಿದ್ದಳು. ತಲೆಯೆತ್ತಿ ನೋಡಿ, "ನಮಸ್ಕಾರ್ರೀ ಅಕ್ಕೋರ" ಅಂದು ಮತ್ತೆ ಉರಿಯ ಕಡೆಗೆ ಬಗ್ಗಿದಳು.

"ಬರ್ರಿ ಬರ್ರಿ, ಯಾವ ಗಾಳಿ ಬೀಸ್ತರೀ ಇವತ್ತು," ಇಮಾಮಬಿ ಒಳಗಿನಿಂದ ಕುರ್ಚಿ ತಂದಳು. "ಕುಂತ್ರಿ. ಪರದೇಶಕ್ಕ ಹೋಗಿ ಬಂದಾಗಿಂದ ನಮ್ಮ ಓಣಿ ಮರತರಿ ನೀವು. ಚಾ ಇಡ್ತೇನಿ."

"ಬ್ಯಾಡವಾ, ಈ ಬಿಸಿಲಾಗ ಎಂಥಾ ಚಾ. ಚೀಲ ಕೊಡು, ಅಂಗಡ್ಯಾಗ ಕಾಯಾಕತ್ತಾರ."

"ಕಾಯ್ಲಿ ಬಿಡ್ರಿ. ಗಂಡಸ್ರು ಒಂದೀಟ ಕಾಯ್ಬೇಕು. ಈ ವರ್ಷನೂ ಹೊಂಟರೇನ್ರಿ, ಆ ಗುಡ್ಡಕ್ಕ?"

"ಗೊತ್ತಿಲ್ಲ."

ಗುತ್ತೆವ್ವ ಕುರ್ಚಿಯ ತುದಿಯಲ್ಲಿ ಕೂತಳು. ಏನಾದರೂ ಮಾಡಬೇಕೆನಿಸಿ ಕೈಗೆ ಸಿಕ್ಕ ಪಾಕೀಟು ಎತ್ತಿಕೊಂಡಳು. ಗಂಡನ ಅಂಗಡಿಯ ಕೆಂಪು ಲೇಬಲ್ಲು. ಅದನ್ನು ಸಾಯಿಮಾಳ ಕಡೆ ಚಾಚಿ, ಹುಡುಗಾಟದ ದನಿ ಮಾಡಿ, "ಓದು ನೋಡೋಣು," ಅಂದಳು. ಅಂದ ತಕ್ಷಣ ಅನ್ನಬಾರದಿತ್ತು ಅನ್ನಿಸಿತು. ವರ್ಷದ ಮೇಲೆ ಮನೆಗೆ ಬಂದು ಪರೀಕ್ಷೆ. ಹುಡುಗಿ ಬತ್ತಿಯ ಬೆಳಕಿಗೆ ಹಿಡಿದು ಓದಿದಳು. "ಸವಣೂರ ಸಪೆಶಲ ಖಾರಾ." ಓದಿ, ತಪ್ಪಾಯಿತೆಂದು ತಿಳಿದು, ನಾಲಗೆ ಕಚ್ಚಿಕೊಂಡಳು. ಅವಳು ಮುಚ್ಚಿಟ್ಟ ಅಷ್ಟೂ ಪಾಕೀಟುಗಳ ಮೇಲೆ ಅದೇ ಶಬ್ದ ಇತ್ತು.

"ಅದ ನೋಡ್ರಿ ಅಕಿದು," ಇಮಾಮಬಿ ನಕ್ಕಳು. "ಹೈಸ್ಕೂಲ ಸರ್ ಅಂತಾರ, ಇಕಿಗೆ ಒತ್ತು ಅಂದ್ರ ಆಗೂದಿಲ್ಲ, ಎಲ್ಲಾನೂ ಬಿಚ್ಚಿ ಬಿಚ್ಚಿ ಹರಡತಾಳ ಅಂತ. ಪರೀಕ್ಷಾದ ರಿಜಲ್ಟ್ ಏನಾಕ್ಕತೋ ಅಲ್ಲಾಗ ಗೊತ್ತು. ಪಾಸಾಗಲಿಲ್ಲಂದ್ರ ಮುಂದಿನ ವರ್ಷ ಮನ್ಯಾಗ ಕುಂದ್ರಸೂದು ಅಂತಾರ ಇವರಪ್ಪ."

"ಹೋದ ವರ್ಷ ನಾ ಓದಸ್ತೇನಿ ಅಂದಿದ್ದೆ ಇಮಾಮಬಿ." ಮಾತು ಹೊರಗೆ ಬಂದ ಮೇಲೆ ಅದು ಎಷ್ಟು ಸಣ್ಣದೆಂದು ಗುತ್ತೆವ್ವನಿಗೆ ಕಂಡಿತು. "ಬರ್ತೇನಿ ಅಂತ ಹೇಳಿ ಹೋದೆ."

"ಅಯ್ಯ, ಅದನ್ಯಾಕ ಹಿಡಕೊಂಡ ಕುಂತರಿ?" ಇಮಾಮಬಿಗೆ ನಿಜವಾಗಿಯೂ ನಗು ಬಂದಿತ್ತು. "ಬರ್ತೇನಿ ಅಂದ್ರ ಹೊಂಟೇನಿ ಅಂತ. ಅಷ್ಟ ತಿಳಿಯೂದಿಲ್ಲೇನ್ರಿ ನಮಗ? ಅವತ್ತ ಸಾಲ್ಯಾಗ ನೀವ ಹೇಳಿದ್ರಲ್ಲ, ಆ ಗುಡ್ಡದ ಪೋರಿ ಹಲಗಿ ಕಾಯ್ಕೊಂತ ನಿಂತಿದ್ದು. ನಕ್ಕ ನಕ್ಕ ಸಾಕಾತ್ರಿ. ಪಾಪ, ಅದಕ ಗೊತ್ತಿಲ್ಲ. ನಮ್ಮ ಸಾಯಿಮಾಗ ಗೊತ್ತಿತ್ತಲ್ಲ. ಇಕಿ ಕಾಯಲಿಲ್ಲ ನೋಡ್ರಿ."

ಅದು ಚುಚ್ಚುಮಾತಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಇಮಾಮಬಿಯ ಮುಖದಲ್ಲಿ ಅವಳು ಚುಚ್ಚನ್ನು ಹುಡುಕಿದಳು. ಇರಲಿಲ್ಲ. ಹೆಡ್‌ಸರ್ ಬೇಜಾರೇನಿಲ್ಲ ಅಂದಾಗಿನ ಹಾಗೇ ಇತ್ತು. ಈ ಊರಿನಲ್ಲಿ ಇಷ್ಟು ವರ್ಷ ಎಷ್ಟು ಬಾಗಿಲುಗಳಲ್ಲಿ ನಿಂತು ಬರ್ತೇನಿ ಅಂದಿದ್ದಾಳೆ. ಒಂದು ಬಾಗಿಲಾದರೂ ಅವಳಿಗಾಗಿ ತೆರೆದುಕೊಂಡು ಕೂತಿದ್ದಿಲ್ಲ. ಕೂರುವುದು ಪೆದ್ದತನ ಎಂದು ಇಲ್ಲಿ ಮಕ್ಕಳಿಗೂ ಗೊತ್ತು. ಅಲ್ಲಿ ಒಬ್ಬಳು ಮಾತನ್ನು ಮಾತೆಂದೇ ತಿಳಿದು ಅಡ್ಡ ನಿಂತಳು. ಅವಳನ್ನೂ ತಂದು ಸಭೆಯ ಮುಂದೆ ನಗಿಸಲಿಕ್ಕೆ ಇಟ್ಟಾಯಿತು.

ಇಮಾಮಬಿ ಚೀಲ ಕಟ್ಟಲಿಕ್ಕೆ ಹುರಿ ಹುಡುಕುತ್ತಾ ಒಳಗೆ ಹೋದಳು. ಪಡಸಾಲೆಯಲ್ಲಿ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ, ಕರಿದ ಕಡಲೆಹಿಟ್ಟಿನ ವಾಸನೆ. ಸಾಯಿಮಾ ಇನ್ನೊಂದು ಪಾಕೀಟಿನ ಬಾಯಿ ಮಡಿಚಿದಳು. ಉರಿಯ ಮೇಲೆಯೇ ಕಣ್ಣಿಟ್ಟು, ಯಾರಿಗೆ ಹೇಳುತ್ತಿದ್ದಾಳೋ ತಿಳಿಯದ ಹಾಗೆ, ಅಂದಳು:

"ನಾ ಪುಸ್ತಕ ತಗದಿಟ್ಟಿದ್ದೆ."

ಗುತ್ತೆವ್ವನಿಗೆ ಕೇಳಿಸಿತು. ಕೇಳಿಸಿದ್ದು ಹುಡುಗಿಗೆ ತಿಳಿಯಬಾರದೆಂದು ಅವಳು ಲೇಬಲ್ಲನ್ನೇ ನೋಡುತ್ತಾ ಕೂತಳು. ಕ್ಷಮಿಸು ಎಂದು ಅಂದುಬಿಡಬಹುದು. ಅಂದರೆ ಅದೂ ಇನ್ನೊಂದು ಬರ್ತೇನಿ. ಅಂದವರಿಗೆ ಹಗುರ, ಕೇಳಿದವರಿಗೆ ಏನೂ ಇಲ್ಲ. ಹಣೆಯ ಬೆವರು ಕಣ್ಣಿಗಿಳಿದು ಉರಿಯಿತು. ಇಮಾಮಬಿ ಬಂದು ಚೀಲದ ಬಾಯಿ ಕಟ್ಟಿ ಕೈಗೆ ಕೊಟ್ಟಳು. ಗುತ್ತೆವ್ವ ಎದ್ದಳು, ಹೊಸ್ತಿಲಿಗೆ ಬಂದಳು. ನಾಲಗೆಯ ತುದಿಗೆ ತಾನಾಗಿ ಬಂದ ಶಬ್ದವನ್ನು, ಬಾಯಿಯಲ್ಲಿ ಸಿಕ್ಕ ಕಲ್ಲನ್ನು ಹಿಡಿದಂತೆ ಹಲ್ಲಿನ ನಡುವೆ ಹಿಡಿದಳು. ಅದಿಲ್ಲದೆ ಹೊಸ್ತಿಲು ದಾಟುವುದು ಹೇಗೆಂದು ಕಾಲಿಗೆ ಗೊತ್ತಾಗಲಿಲ್ಲ. ದಾಟಿದಳು.

"ಯಾಕ್ರೀ ಅಕ್ಕೋರ, ಸಿಟ್ಟಾದ್ರ್ಯಾ?" ಹಿಂದಿನಿಂದ ಇಮಾಮಬಿಯ ದನಿಯಲ್ಲಿ ಈಗ ಮಾತ್ರ ನೋವಿತ್ತು. "ಏನೂ ಅನ್ನದ ಹೊಂಟರಲ್ಲ."

ಗುತ್ತೆವ್ವ ತಿರುಗಿದಳು. ಇಮಾಮಬಿಯನ್ನು ದಾಟಿ, ಬತ್ತಿಯ ಹಿಂದೆ ಬಗ್ಗಿದ್ದ ತಲೆಗೆ ಹೇಳಿದಳು. "ಸಾಯಿಮಾ, ನಾಳೆ ಮುಂಜಾನಿ ಪುಸ್ತಕ ತಗದಿಡು."

ಹುಡುಗಿ ತಲೆಯೆತ್ತಲಿಲ್ಲ. "ಹ್ಞೂಂ ರೀ" ಅಂದಳು, ಅನ್ನಬೇಕಾದ್ದಕ್ಕೆ ಅನ್ನುವ ಹಾಗೆ. ಇಮಾಮಬಿ ನಕ್ಕು, "ಇದೆಂಥಾ ಹೋಗೂ ಮಾತ್ರೀ," ಅಂದಳು.

ಅಂಗಡಿಯಲ್ಲಿ ಚೀಲ ಕೊಟ್ಟು ಮನೆಗೆ ಬರುವ ಹೊತ್ತಿಗೆ ವೀರವ್ವ ಒಬ್ಬಳೇ ಒಂದು ಕೋಲು ತುಂಬಿಸಿ ಮುಗಿಸಿದ್ದಳು. ಒಣಗಿದ ಎಳೆಗಳು ಕಿಟಕಿಯ ಬಿಸಿಲಿಗೆ ಹಳದಿ ತಿರುಗುತ್ತಿದ್ದವು. "ಬಂದ್ಯಾ. ಹಿಡಿ," ಅಂದಳು. ಗುತ್ತೆವ್ವ ಕೈ ತೊಳೆದು ಬಂದು ತನ್ನ ಜಾಗದಲ್ಲಿ ನಿಂತಳು. ಫೋನು ಕಪಾಟಿನ ಮೇಲೆ ಮಗುಚಿಯೇ ಇತ್ತು.

"ಬಸವ ಜಯಂತಿ ಆದ ಮ್ಯಾಲ ಹಾನಗಲ್ಲಿಗೆ ಹೋಗಿ ಬಾರವಾ," ವೀರವ್ವ ಹೊಸೆಯುತ್ತಾ ಅಂದಳು. "ಮೊಣಕಾಲ ಹಿಡಕೊಂಡ ಅಳಾಕತ್ತಾಳ ಅಕಿ. ಹೆಂಗೂ ಎಲ್ಲಿ ಹೋಗಾಂಗಿಲ್ಲಲ್ಲ ಈ ಸಲ."

ಗುತ್ತೆವ್ವ ಎಳೆಯನ್ನು ಹಿಡಿದಳು. ಅದು ಬಂತು, ತೆಳ್ಳಗೆ, ಹಸಿಯಾಗಿ, ಬೆರಳಿಂದ ಬೆರಳಿಗೆ. ನಾಳೆಯಿಂದ ಮುಂಜಾನೆ ಶ್ಯಾವಿಗೆಗೆ ಅವಳು ಸಿಗುವುದಿಲ್ಲ. ಅದು ನಾಳೆ ತಾನಾಗಿ ತಿಳಿಯುತ್ತದೆ. ಸಾಯಿಮಾಳ ಜತೆ ಒಂದೊಂದೇ ಒತ್ತು, ಒಂದೊಂದೇ ನಾಯಿ, ಬಳಸಿ ಹೋಗದ ಹಾಗೆ. ಬಸವ ಜಯಂತಿಯ ಮಾರನೆಯ ದಿನ ಹುಬ್ಬಳ್ಳಿಯಿಂದ ನೇಪಾಳದ ಕಡೆಗೆ ರೈಲು ಹತ್ತುವವರೆಗೆ. ರೈಲು ಹತ್ತುವುದಿದೆ ಎಂದು ತಿಳಿದದ್ದು ಆ ಹೊಸ್ತಿಲಲ್ಲೋ, ಅಂಗಡಿಯ ಮುಂದೆಯೋ, ಈಗಲೋ ಅವಳಿಗೆ ಹೇಳಲಿಕ್ಕೆ ಬರುತ್ತಿರಲಿಲ್ಲ. ಕಲಿಸಲಿಕ್ಕೆಂದು ಅಲ್ಲ, ಕಲಿಸುವವರು ಪೋಖರಾದಿಂದ ಬರುತ್ತಾರೆ. ಸೇವೆಯೂ ಅಲ್ಲ. ಹಲಗೆಯನ್ನು ಯಾರೋ ಒರೆಸಿಯೇ ಇರುತ್ತಾರೆ, ಆ ಲೆಕ್ಕ ಅವಳಿಗೇ ಮರೆತಿದೆ, ಹೊಸದೊಂದು ಹಾಕಬೇಕು, ಶೇಷದ ತನಕ ಮಾಡಬೇಕು. ಆಮೇಲೆ ಬಾಗಿಲಲ್ಲಿ ನಿಂತು ಆ ಹುಡುಗಿಯ ತಲೆಯ ಮೇಲೆ ಕೈಯಿಟ್ಟು, ಹೋಗುತ್ತೇನೆ ಅನ್ನಬೇಕು. ಅವಳ ಭಾಷೆಯಲ್ಲಿ, ಅವಳಿಗೆ ತಿಳಿಯುವ ಹಾಗೆ. ಅದೊಂದಕ್ಕಾಗಿ ಅಷ್ಟು ದೂರ. ಅದಕ್ಕೆ ಮೊದಲು ಇಲ್ಲಿ, ಆ ಬತ್ತಿಯ ಮುಂದೆ, ಕಡೆಯ ದಿನ ಸಾಯಿಮಾಳಿಗೂ ಅದನ್ನೇ. ಆಮೇಲೆ ಈ ಹೊಸ್ತಿಲಲ್ಲಿ. ವೀರವ್ವ ಬಿಡ್ತು ಅನ್ನು ಅನ್ನುತ್ತಾಳೆ, ರಟ್ಟೆ ಹಿಡಿದು ಒಳಗೆಳೆದು ನೀರು ಕುಡಿಸುತ್ತಾಳೆ. ಕುಡಿಸಲಿ.

"ಏನು, ಹೂಂ ಅನ್ನವಲ್ಲಿ?" ವೀರವ್ವ ಕೇಳಿದಳು.

"ಎಳಿ ಬಿಗಿ ಆಗಾಕತ್ತೈತ್ರಿ ಅತ್ತಿ. ಸ್ವಲ್ಪ ಮೆತ್ತಗ ಬಿಡ್ರಿ."

ವೀರವ್ವ ಕೈಯ ಒತ್ತಡ ಸಡಿಲಿಸಿದಳು. ಗುತ್ತೆವ್ವ ಹಿಂದಕ್ಕೆ ಒಂದು ಹೆಜ್ಜೆ ಇಟ್ಟಳು, ಇನ್ನೊಂದು ಇಟ್ಟಳು. ಬಾಯಿ ಮುಚ್ಚಿಕೊಂಡು, ನಾಲಗೆಯನ್ನು ಮಾತ್ರ ಅಂಗುಳಿಗೆ ತಾಗಿಸಿ, ಹೋಗ್ತೇನಿ ಎಂಬ ಆ ಶಬ್ದವನ್ನು ಒಂದು ಸಲ ಅಂದು ನೋಡಿದಳು. ಎಳೆ ಹರಿಯಲಿಲ್ಲ.